ತಾಮ್ರ ಹತ್ತಿದ ಕೀಲಿಕೈ

"ಹುಷಾರು...! ಎಲ್ರೂ ಹಿಂದೆ ಸರೀರಿ!"

ಕೂಗು ಕೇಳಿ ಮೇಡಂ ತಿರುಗುವಷ್ಟರಲ್ಲಿ ಬಿಳಿ ಪುಡಿ ಭುಸ್ಸೆಂದು ಬಂದು ಮುಖಕ್ಕೆ ಅಪ್ಪಳಿಸಿತು. ಕಣ್ಣು, ಮೂಗು, ಬಾಯಿ, ಜಡೆ... ಒಂದನ್ನೂ ಬಿಡಲಿಲ್ಲ!

ಅವಳ ಕೈಯ ಇಕ್ಕಳದಲ್ಲಿ ಉರಿಯುತ್ತಿದ್ದ ಕರವಸ್ತ್ರ ತಣ್ಣಗೆ ಆರಿಹೋಯಿತು. ಹತ್ತನೇ ತರಗತಿಯ ಮಕ್ಕಳು ಒಂದು ಕ್ಷಣ ಉಸಿರು ಬಿಗಿಹಿಡಿದು, ಆಮೇಲೆ ತಡೆಯಲಾರದೆ ಗೊಳ್ಳೆಂದು ನಕ್ಕುಬಿಟ್ಟರು.

ಪ್ರಯೋಗಾಲಯದ ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ, ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನು ಹಸುಗೂಸಿನಂತೆ ಎದೆಗೆ ಅವುಚಿಕೊಂಡು ನಿಂತಿದ್ದ. ಅವನ ಹುಬ್ಬಿನ ಮೇಲೂ ಪುಡಿ.

"ಯಾರ್ರೀ ನೀವು? ತಲೆ ನೆಟ್ಟಗಿದೆಯಾ ನಿಮಗೆ?"

"ಬಟ್ಟೆಗೆ ಬೆಂಕಿ ಹತ್ತಿತ್ತು..."

"ಹತ್ತಿಸಿದ್ದೇ ನಾನು!"

ಅವಳು ಕರವಸ್ತ್ರವನ್ನು ಕೊಡವಿ ಅವನ ಮೂಗಿನ ಮುಂದೆ ಬಿಡಿಸಿ ಹಿಡಿದಳು. ಎಲ್ಲೂ ಒಂದು ಕಪ್ಪು ಚುಕ್ಕೆಯಿರಲಿಲ್ಲ.

"ಕಣ್ಣು ಬಿಟ್ಟು ನೋಡಿ. ಅರ್ಧ ನೀರು, ಅರ್ಧ ಸ್ಪಿರಿಟ್. ಉರಿಯೋದು ಸ್ಪಿರಿಟ್, ಬಟ್ಟೆ ಉಳಿಸೋದು ನೀರು. ಇನ್ನೊಂದು ಚೂರು ಹೊತ್ತು ತಡೆದಿದ್ರೆ ತಾನಾಗೇ ಆರ್ತಿತ್ತು. ಮಕ್ಕಳು ಇದನ್ನ ಸಾಯೋ ತನಕ ಮರೀತಿರ್ಲಿಲ್ಲ. ಈಗ ಏನು ನೆನಪಿಟ್ಕೋತಾರೆ ಹೇಳಿ? ಮೇಡಂ ಬಿಳಿ ಭೂತ ಆಗಿದ್ದನ್ನ!"

ಅವನು ಕ್ಷಮೆ ಕೇಳಲಿಲ್ಲ. ಸಿಲಿಂಡರನ್ನು ಕೆಳಗಿಟ್ಟು ಮೇಜಿನ ಹತ್ತಿರ ಬಂದ. ಅಲ್ಲಿದ್ದ ಸ್ಪಿರಿಟ್ ಬಾಟಲಿಗೆ ಮುಚ್ಚಳ ಬಿಗಿದು, ಎತ್ತಿಕೊಂಡು ಹೋಗಿ ದೂರದ ಕಿಟಕಿಯ ಕಟ್ಟೆಯ ಮೇಲಿಟ್ಟ.

"ನಾನು ಹೊಸ ಸೇಫ್ಟಿ ಆಫೀಸರ್" ಎಂದಷ್ಟೇ ಹೇಳಿ ಹೊರಟುಹೋದ.

ಅವಳು ಕಿಟಕಿಯ ಕಡೆ ನೋಡಿದಳು. 'ಅಯ್ಯೋ... ಬಾಟಲಿ ತೆರೆದೇ ಇತ್ತಾ? ಬೆಂಕಿಯ ಪಕ್ಕದಲ್ಲೇ...?'

ಹೌದು, ತೆರೆದೇ ಇತ್ತು. ಆದರೆ ತಪ್ಪು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ಜಡೆಯನ್ನು ಜಾಡಿಸಿ, "ನಗೋದು ಸಾಕು, ಬರ್ಕೊಳ್ಳಿ" ಎಂದು ಮಕ್ಕಳ ಮೇಲೆ ರೇಗಿದಳು.

ಆ ಶಾಲೆಯಲ್ಲಿ ಅವಳಿಗೆ 'ಬುಸ್‌ಬುಸ್ ಮೇಡಂ' ಎಂಬ ಬಿರುದಿತ್ತು. ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದಾಗ ನೊರೆ ಹೇಗೆ ಬುಸ್ಸೆಂದು ಉಕ್ಕುತ್ತದೋ, ಅವಳ ಕೋಪವೂ ಹಾಗೇ ಉಕ್ಕುತ್ತಿತ್ತು. ಪಾಠದ ವಿಷಯದಲ್ಲಂತೂ ಅವಳದು ಒಂದೇ ಹಟ. ಮಕ್ಕಳು ತಮ್ಮ ಕೈಯಾರೆ ಮಾಡಬೇಕು, ತಮ್ಮ ಕಣ್ಣಾರೆ ನೋಡಬೇಕು. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಮುಗಿಸುವ ರಸಾಯನಶಾಸ್ತ್ರ ಅವಳಿಗೆ ಆಗಿಬರುತ್ತಿರಲಿಲ್ಲ.

ಅವನಿಗೂ ವಾರದೊಳಗೆ ಮಕ್ಕಳು ನಾಮಕರಣ ಮಾಡಿದರು. ಬಾಯಿ ತೆರೆದರೆ 'ಹುಷಾರು' ಎನ್ನುವವನಿಗೆ 'ಹುಷಾರ್ ಸಾರ್' ಅನ್ನದೆ ಇನ್ನೇನು ಅನ್ನಬೇಕು?

*

ಪುಡಿಯ ಪ್ರಸಂಗ ಹೆಡ್‌ಮಾಸ್ಟರರ ಕಿವಿಗೆ ಬೀಳಲು ತಡವಾಗಲಿಲ್ಲ. ಅವರಿಗೆ ಬೇಕಾಗಿದ್ದೂ ಅಂಥದ್ದೇ ಒಂದು ನೆಪ.

"ನೋಡೀಮ್ಮ, ಇನ್ಮೇಲೆ ಲ್ಯಾಬ್ ಬಂದ್. ಅಲ್ಲಿ ದೊಡ್ಡ ಪರದೆ ಹಾಕಿಸ್ತೀವಿ, ಮೆತ್ತನೆ ಕುರ್ಚಿ ಬರತ್ತೆ. ಪ್ರಯೋಗಾನೆಲ್ಲ ಮಕ್ಕಳು ವಿಡಿಯೋದಲ್ಲಿ ನೋಡ್ಲಿ. ಗಾಜು ಒಡೆಯಲ್ಲ, ಕೈ ಸುಡಲ್ಲ, ನಮಗೂ ತಲೆನೋವಿಲ್ಲ."

"ಸರ್, ಈಜೋದನ್ನ ವಿಡಿಯೋ ನೋಡಿ ಕಲಿಯೋಕಾಗತ್ತಾ?"

"ಪರೀಕ್ಷೇಲಿ ಈಜು ಕೇಳಲ್ಲ, ಉತ್ತರ ಕೇಳ್ತಾರೆ. ಕೀಲಿಕೈನ ಸೇಫ್ಟಿ ಆಫೀಸರಿಗೆ ಕೊಟ್ಬಿಡಿ."

ಅವಳಿಗೆ ಎಲ್ಲವೂ ಅರ್ಥವಾಯಿತು. ಅಂದರೆ, ಅರ್ಥವಾಯಿತೆಂದು ಅವಳು ಅಂದುಕೊಂಡಳು. 'ಚಾಡಿ ಹೇಳಿದ್ದು ಅವನೇ! ಬೇರೆ ಯಾರು?'

ಸಂಜೆ ಅವನು ಪ್ರಯೋಗಾಲಯದ ಬಾಗಿಲಿಗೆ ಬಂದ.

"ಮೇಡಂ, ಕೀಲಿಕೈ ಬೇಕಿತ್ತು. ಯಾಕಂದ್ರೆ..."

"ಯಾಕೆ ಅಂತ ಚೆನ್ನಾಗಿ ಗೊತ್ತು ನನಗೆ!"

ಹಳೆಯ ಕಬ್ಬಿಣದ ಕೀಲಿಕೈ, ಅಂಗೈ ಅಗಲದ್ದು. ಕೆಲಸಕ್ಕೆ ಸೇರಿದ ದಿನದಿಂದ ಅವಳ ಬ್ಯಾಗಿನಲ್ಲೇ ಇದ್ದದ್ದು. ಅದನ್ನು ಅವನ ಮುಂದಿನ ಮೇಜಿನ ಮೇಲೆ ಠಣ್ಣೆಂದು ಎಸೆದಳು.

"ತಗೊಳ್ಳಿ. ಕೋಣೆಗೆ ಬೀಗ ಹಾಕ್ಬಹುದು ನೀವು. ನನ್ನ ಮಕ್ಕಳ ಕೈಗೆ ಬೀಗ ಹಾಕೋಕೆ ನಿಮ್ಮಿಂದಾಗಲ್ಲ, ನೆನಪಿರಲಿ!"

ಅವನು ಏನೋ ಹೇಳಲು ತುಟಿ ತೆರೆದ. ಆದರೆ ಅವಳು ಆಗಲೇ ಅರ್ಧ ಮೆಟ್ಟಿಲು ಇಳಿದಾಗಿತ್ತು. ಮೂರು ಮಾತು ಜೋಡಿಸಲು ಮೂರು ದಿನ ಬೇಕಾಗುವ ಮನುಷ್ಯನಿಗೆ ಇಂಥ ಹೆಣ್ಣು ಎದುರಾಗಬೇಕೇ!

*

ಮರುದಿನ ಬೆಳಿಗ್ಗೆ ಅವಳು ತರಗತಿಗೆ ಬಂದಾಗ ಕೈಯಲ್ಲಿ ಚೀಲ, ಚೀಲದಲ್ಲಿ ನೇರಳೆ ಕೋಸು ಬೇಯಿಸಿದ ನೀರು, ನಿಂಬೆಹಣ್ಣು, ಸೋಪಿನ ಚೂರು, ಅಡುಗೆ ಸೋಡಾ.

"ಲ್ಯಾಬ್ ಬಂದ್ ಆಗಿದೆ ಅಂತ ಯಾರಾದ್ರೂ ಹೇಳಿದ್ರಾ ನಿಮಗೆ?"

"ಹೂಂ ಮೇಡಂ..." ಮಕ್ಕಳ ದನಿ ಸಪ್ಪಗಿತ್ತು.

"ಸುಳ್ಳು. ನಿಮ್ಮ ನಿಮ್ಮ ಬೆಂಚೇ ಇವತ್ತಿಂದ ಲ್ಯಾಬು. ಬಾಟಲಿ ಮುಚ್ಚಳ ತೆಗೆದಿಡಿ ಎಲ್ರೂ!"

ಪ್ಲಾಸ್ಟಿಕ್ ಮುಚ್ಚಳಗಳಲ್ಲಿ ನೇರಳೆ ನೀರು. ಒಂದಕ್ಕೆ ನಿಂಬೆರಸದ ಹನಿ ಬಿದ್ದರೆ ಗುಲಾಬಿ! ಇನ್ನೊಂದಕ್ಕೆ ಸೋಡಾ ಬಿದ್ದರೆ ನೀಲಿ, ಇನ್ನಷ್ಟು ಹಾಕಿದರೆ ಹಸಿರು! ವರ್ಷವಿಡೀ ಬಾಯಿ ಬಿಡದ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತು, "ಮೇಡಂ, ನಂದು ಮತ್ತೆ ನೇರಳೆಗೆ ತಿರುಗ್ತು! ನಿಂಬೆ, ಸೋಡಾ ಎರಡೂ ಸರಿಸಮ ಆಯ್ತು ಅಲ್ವಾ?" ಎಂದು ಕಿರುಚಿದಳು. ಆಮ್ಲವೂ ಕ್ಷಾರವೂ ಒಂದನ್ನೊಂದು ತಣಿಸುತ್ತವೆ ಎಂಬುದನ್ನು ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾನೇ ಹಿಡಿದುಬಿಟ್ಟಿದ್ದಳು.

ಮೇಡಂ ಮನಸ್ಸಿನಲ್ಲೇ ಅಂದುಕೊಂಡಳು. 'ಇದಕ್ಕೇ ಕಣೇ ನೀನು ಟೀಚರ್ ಆಗಿದ್ದು...'

ಕಿಟಕಿಯಾಚೆ ಹುಷಾರ್ ಸಾರ್ ನಿಂತಿದ್ದ. ಕೈ ಹಿಂದೆ ಕಟ್ಟಿಕೊಂಡು, ಕಣ್ಣು ಮಿಟುಕಿಸದೆ ಆ ಗುಲಾಬಿ ಹನಿಯನ್ನೇ ನೋಡುತ್ತಿದ್ದ.

"ಸಾರ್, ನೀವೂ ಒಂದು ಹನಿ ಹಾಕಿ!" ಮಕ್ಕಳು ಕರೆದರು.

"ಬೇಡ ಬೇಡ, ಸಾರ್ ಕೈ ಕೊಳೆ ಆಗಿಬಿಡತ್ತೆ" ಎಂದಳು ಅವಳು, ಅವನಿಗೆ ಕೇಳುವಂತೆ.

ಮಕ್ಕಳು ನಕ್ಕರು. ಅವನ ಮುಖ ಸಣ್ಣದಾಯಿತು. ತಲೆ ತಗ್ಗಿಸಿ ಹೊರಟುಹೋದ. ಅವಳಿಗೆ ಗೆದ್ದ ಖುಷಿಯಾಗಬೇಕಿತ್ತು. ಯಾಕೋ ಆಗಲಿಲ್ಲ.

ಮರುದಿನ ತರಗತಿಯ ಬಾಗಿಲಲ್ಲಿ ಒಂದು ಬಕೆಟ್ ಮರಳು, ಒಂದು ದೊಡ್ಡ ಬಾಟಲಿ ಶುದ್ಧ ನೀರು, ಒಂದು ಪೆಟ್ಟಿಗೆ ತುಂಬ ಪ್ಲಾಸ್ಟಿಕ್ ಕನ್ನಡಕ. ಯಾರು ಇಟ್ಟದ್ದೆಂದು ಕೇಳಬೇಕಿರಲಿಲ್ಲ.

'ಅಣಕಿಸ್ತಿದ್ದಾನೆ! ನಿಂಬೆರಸಕ್ಕೂ ಕನ್ನಡಕವಂತೆ!' ಪೆಟ್ಟಿಗೆಯನ್ನು ಜವಾನನ ಕೈಯಲ್ಲಿ ವಾಪಸು ಕಳಿಸಿದಳು. ನೀರಿನ ಬಾಟಲಿ ಮಾತ್ರ ಅಲ್ಲೇ ಉಳಿಯಿತು.

ಅದೇ ದಿನ ನೋಡಿ, ಆಗಬಾರದ್ದು ಆಯಿತು.

ವಿನೆಗರ್ ತುಂಬಿದ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ, ಬಲೂನಿನೊಳಗಿನ ಸೋಡಾವನ್ನು ಕೆಳಗೆ ಸುರಿಸುವ ಆಟ. ಬಲೂನು ತಾನಾಗಿ ಉಬ್ಬಬೇಕು. ಉಬ್ಬಿತು... ಉಬ್ಬಿತು... ಫಟ್ಟೆಂದು ಕಳಚಿ ನೊರೆಯೆಲ್ಲ ನೇರ ಅವಳ ಕಣ್ಣಿಗೆ!

"ಅಮ್ಮಾ...!"

ಕಣ್ಣು ಬಿಡಲಾಗದಷ್ಟು ಉರಿ. ಮಕ್ಕಳ ಕೂಗಾಟ. ಅಷ್ಟರಲ್ಲಿ ಯಾರೋ ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದರು. ತಣ್ಣನೆಯ ನೀರು ಕಣ್ಣಿನ ಮೇಲೆ ಧಾರೆಯಾಗಿ ಇಳಿಯತೊಡಗಿತು.

"ಕಣ್ಣು ಮುಚ್ಬೇಡಿ. ಉರಿದ್ರೂ ಪರವಾಗಿಲ್ಲ, ತೆರೆದೇ ಇರಿ. ನಾನಿದ್ದೀನಿ."

ಅದೇ ದನಿ. ಆದರೆ 'ಹುಷಾರು' ಎಂದು ಕೂಗುವ ದನಿಯಲ್ಲ ಅದು. ಎಷ್ಟು ಮೆದು, ಎಷ್ಟು ಗಟ್ಟಿ! ಬಾಟಲಿ ಖಾಲಿಯಾಗುವವರೆಗೂ ಅವನು ಧಾರೆ ನಿಲ್ಲಿಸಲಿಲ್ಲ.

ನೀರು ಮುಗಿದಾಗ ಅವಳು ಕಣ್ಣು ತೆರೆದಳು. ಕಂಡದ್ದು ಅವನ ಮುಖ, ತೀರಾ ಹತ್ತಿರ.

"ಕಾಣ್ತಿದೆಯಾ?"

"ಕಾಣ್ತಿದೆ" ಎಂದಳು. ದನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

ಕನ್ನಡಕದ ಪೆಟ್ಟಿಗೆಯನ್ನು ಅವಳೇ ಹೋಗಿ ಹೊತ್ತು ತಂದಳು. ಮೊದಲ ಕನ್ನಡಕ ತಾನೇ ಹಾಕಿಕೊಂಡಳು.

*

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸುವುದುಂಟೇ?

"ಏನೇ, ಇವತ್ತು ಆ ಸಿಲಿಂಡರ್ ಮನುಷ್ಯನ್ನ ಬೈಲೇ ಇಲ್ಲ? ದಿನಾ ಊಟದ ಜೊತೆ ಅವನನ್ನೂ ನಂಚ್ಕೋತಿದ್ದೆ!"

"ಬೈಯೋಕೆ ಬೇಜಾರಾಯ್ತು ಅತ್ತಿಗೆ."

"ಓಹೋ... ಬೈಯೋಕೆ ಬೇಜಾರಾದ್ರೆ ಮುಂದೇನು ಅಂತ ನನಗೆ ಗೊತ್ತು. ನಿಮ್ಮಣ್ಣನ್ನ ನಾನೂ ಮೊದಲು ಬೈತಾನೇ ಇದ್ದೆ."

"ಅತ್ತಿಗೆ!"

"ನೋಡು, ಕೆನ್ನೆ ಗುಲಾಬಿ ಆಯ್ತು. ನಿಂಬೆರಸ ಯಾರು ಹಾಕಿದ್ದು?"

ಅವಳು ಎದ್ದು ಕೋಣೆಗೆ ಓಡಿದಳು. ಬಾಗಿಲು ಹಾಕಿಕೊಂಡು ನಗುತ್ತಾ ಕೂತಳು. 'ನಾನಿದ್ದೀನಿ ಅಂದ... ಎಷ್ಟು ಸುಲಭವಾಗಿ ಅಂದ...'

ಆ ನಗು ಮರುದಿನ ಸಂಜೆಯವರೆಗೂ ಬಾಳಲಿಲ್ಲ.

ಶಾಲೆ ಬಿಟ್ಟ ಮೇಲೆ ಮೇಲಿನ ಮಹಡಿಯಿಂದ ಸುತ್ತಿಗೆಯ ಸದ್ದು ಕೇಳಿ ಹತ್ತಿ ಹೋದಳು. ಪ್ರಯೋಗಾಲಯದ ಬಾಗಿಲು ತೆರೆದಿತ್ತು. ಒಳಗೆ ಅವನು ಅಂಗಿಯ ತೋಳು ಮಡಚಿಕೊಂಡು, ಅವಳ ಗಾಜಿನ ಸಾಮಾನು ಇಡುತ್ತಿದ್ದ ದೊಡ್ಡ ಕಪಾಟನ್ನು ಎಳೆದು ಹಾಕುತ್ತಿದ್ದ. ಪ್ರನಾಳಗಳೆಲ್ಲ ನೆಲದ ಮೇಲೆ. ಅಲ್ಲೇ ನಿಂತಿದ್ದ ಹೆಡ್‌ಮಾಸ್ಟರರ ಮುಖದಲ್ಲಿ ಸಂತೋಷ.

"ಬನ್ನಿ ಬನ್ನಿ! ಲ್ಯಾಬಲ್ಲಿ ಅಪಾಯ ಇದೆ ಅಂತ ಇವರೇ ಬರೆದುಕೊಟ್ಟಿದ್ರು. ಈಗ ಖಾಲಿ ಮಾಡೋ ಕೆಲಸಾನೂ ಇವರೇ ವಹಿಸ್ಕೊಂಡಿದ್ದಾರೆ. ಪರದೆ ಉದ್ಘಾಟನೆಗೆ ಆಡಳಿತ ಮಂಡಳಿ ಅಧ್ಯಕ್ಷೆ ಬರ್ತಾರೆ" ಎಂದು ಹೇಳಿ ಅವರು ಕೆಳಗಿಳಿದರು.

ಅವಳು ಅವನನ್ನೇ ನೋಡಿದಳು. ಕಣ್ಣು ತುಂಬಿ ಬಂತು. ಈ ಸಲದ ಉರಿ ತೊಳೆದರೆ ಹೋಗುವಂಥದ್ದಾಗಿರಲಿಲ್ಲ.

"ನನ್ನ ಕಣ್ಣು ತೊಳೆದ ಕೈಯಿಂದಲೇ ನನ್ನ ಲ್ಯಾಬ್ ಖಾಲಿ ಮಾಡ್ತಿದ್ದೀರಾ?"

"ಮೇಡಂ, ಒಂದು ನಿಮಿಷ..."

"ನಾನು ಎಂಥ ಮಂಕು! ನಿಮ್ಮನ್ನ..." ಮಾತು ಅಲ್ಲಿಗೇ ನಿಂತಿತು. "ಇರಲಿ. ಉದ್ಘಾಟನೆ ದಿನ ಬನ್ನಿ, ತೋರಿಸ್ತೀನಿ!"

ಸೆರಗಿನಿಂದ ಕಣ್ಣೊರೆಸಿಕೊಂಡು ದಡದಡ ಇಳಿದುಹೋದಳು. ನಿಂತು ಕೇಳಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಅನ್ನಬಹುದು. ಮನಸ್ಸು ಮುರಿದವರು ನಿಂತು ಕೇಳುತ್ತಾರೆಯೇ?

*

ಉದ್ಘಾಟನೆಯ ದಿನ ಬಂತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮುಂದಿನ ಸಾಲಿನಲ್ಲಿ ಪೋಷಕರು, ನಡುವೆ ಬಿಳಿಗೂದಲಿನ ಅಧ್ಯಕ್ಷೆ.

ಸ್ವಾಗತ ಭಾಷಣ ಮುಗಿಯುವ ಮೊದಲೇ ಹತ್ತನೇ ತರಗತಿಯ ಮಕ್ಕಳು ಬೆಂಚುಗಳನ್ನು ಹೊತ್ತು ಅಂಗಳಕ್ಕೆ ಬಂದರು! ಎಲ್ಲರ ಕಣ್ಣಿಗೂ ಕನ್ನಡಕ. ಮುಂದೆ ಬುಸ್‌ಬುಸ್ ಮೇಡಂ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಬೆಂಚುಗಳ ಮೇಲೆ ನೇರಳೆ ನೀರು, ಬಲೂನು ಸಿಕ್ಕಿಸಿದ ಬಾಟಲಿ, ನೀಲಿ ಮೈಲುತುತ್ತದ ದ್ರಾವಣದಲ್ಲಿ ಮುಳುಗಿ ತಾಮ್ರ ಹತ್ತುತ್ತಿದ್ದ ಕಬ್ಬಿಣದ ಮೊಳೆಗಳು.

ಹೆಡ್‌ಮಾಸ್ಟರರ ಮುಖ ಕೆಂಪಾಯಿತು. "ಏನಿದು? ಈಗಿಂದೀಗ್ಲೇ ಎತ್ತಿಸಿ! ಇಲ್ಲಾಂದ್ರೆ ನಾಳೆಯಿಂದ ನೀವು ಕೆಲಸಕ್ಕೆ ಬರಬೇಕಾಗಿಲ್ಲ!"

ಈ ಕೆಲಸ ಹೋದರೆ ಇನ್ನೊಂದು ಶಾಲೆ ಅವಳನ್ನು ಅಷ್ಟು ಸುಲಭಕ್ಕೆ ಕರೆಯುವುದಿಲ್ಲವೆಂದು ಗೊತ್ತಿತ್ತು. ಆದರೂ ತಲೆ ತಗ್ಗಲಿಲ್ಲ.

"ಬರಲ್ಲ ಸರ್. ಆದ್ರೆ ಇವತ್ತಿನ ಪಾಠ ಮುಗಿಸಿಯೇ ಹೋಗ್ತೀನಿ. ಮಕ್ಕಳೇ, ಶುರು ಮಾಡಿ!"

"ಸೇಫ್ಟಿ ಆಫೀಸರ್! ಎಲ್ರಿ ಅವರು? ಇದು ಅಪಾಯ ಅಂತ ಹೇಳ್ರೀ ಇವರಿಗೆ!"

ಗುಂಪಿನ ಹಿಂದಿನಿಂದ ಅವನು ಬಂದ. ಅವಳು ಮುಖ ತಿರುಗಿಸಿಕೊಂಡಳು. 'ಹೇಳು... ಅದೊಂದನ್ನೂ ಹೇಳಿ ಮುಗಿಸಿಬಿಡು...'

ಅವನು ಒಂದೊಂದು ಬೆಂಚಿನ ಹತ್ತಿರವೂ ನಿಂತು ನೋಡಿದ. ಕನ್ನಡಕ ನೋಡಿದ, ತೊಳೆಯುವ ನೀರು ನೋಡಿದ, ಮರಳಿನ ಬಕೆಟ್ ನೋಡಿದ. ಬಾಟಲಿಗಳ ಮುಚ್ಚಳಗಳೆಲ್ಲ ಬಿಗಿಯಾಗಿರುವುದನ್ನೂ ನೋಡಿದ.

"ಎಲ್ಲ ಸರಿಯಾಗಿದೆ" ಎಂದ. "ಅಪಾಯ ಇಲ್ಲ."

"ಏನಂದ್ರಿ?"

ಅವನು ಅಧ್ಯಕ್ಷೆಯ ಕಡೆ ತಿರುಗಿದ. ಹಣೆಯ ಮೇಲೆ ಬೆವರು. ಇಷ್ಟು ಜನರ ಮುಂದೆ ಅವನು ಬದುಕಿನಲ್ಲೇ ಮಾತಾಡಿದವನಲ್ಲ.

"ಅಮ್ಮಾ, ನಾನು ಮೊದಲು ಕಾರ್ಖಾನೆಯಲ್ಲಿದ್ದೆ. ನಾನೂ ನನ್ನ ಸ್ನೇಹಿತನೂ ಒಟ್ಟಿಗೆ ಸೇರಿದ್ದು. ಇಬ್ಬರೂ ಬೋರ್ಡ್ ನೋಡಿ ಪಾಸಾದವರು, ಶಾಲೆಯಲ್ಲಿ ಒಂದು ಪ್ರನಾಳ ಮುಟ್ಟಿದವರಲ್ಲ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು ಅಂತ ಅವನು ಪರೀಕ್ಷೆಗಳಲ್ಲಿ ಎಷ್ಟೋ ಸಲ ಬರೆದಿದ್ದ. ಒಂದು ದಿನ ಅವಸರದಲ್ಲಿ ಆಸಿಡ್‌ಗೆ ನೀರು ಸುರಿದ. ಅವನ ಎರಡೂ ಕಣ್ಣು ಹೋಯ್ತು. ತಲೆಗೆ ಗೊತ್ತಿತ್ತು ಅಮ್ಮಾ... ಕೈಗೆ ಗೊತ್ತಿರ್ಲಿಲ್ಲ."

ಮುಖ ತಿರುಗಿಸಿಕೊಂಡಿದ್ದವಳು ಈಗ ಅವನನ್ನೇ ನೋಡಿದಳು.

"ಅಪಾಯ ಇರೋದು ಮುಟ್ಟೋದ್ರಲ್ಲಲ್ಲ. ಮುಟ್ಟದೇ ದೊಡ್ಡವರಾಗೋದ್ರಲ್ಲಿ. ಲ್ಯಾಬಲ್ಲಿ ಅಪಾಯ ಇದೆ ಅಂತ ನಾನು ಬರೆದಿದ್ದು ನಿಜ. ಎರಡನೇ ಬಾಗಿಲಿಗೆ ಕಪಾಟು ಅಡ್ಡ ಇಟ್ಟಿದ್ರು, ಗಾಳಿ ಹೊರಗೆ ಎಳೆಯೋ ಫ್ಯಾನ್ ಕೆಟ್ಟಿತ್ತು. ಅದನ್ನ ಸರಿ ಮಾಡಿ ಲ್ಯಾಬ್ ನಡೆಸಿ ಅಂತಾನೂ ಬರೆದಿದ್ದೆ. ಹೆಡ್‌ಮಾಸ್ಟರು ಮೊದಲ ಸಾಲು ಮಾತ್ರ ಓದಿದ್ರು. ಅದಕ್ಕೇ ನಾನೇ ಸರಿ ಮಾಡಿದ್ದೀನಿ. ನೋಡ್ಬಹುದು."

ಅಧ್ಯಕ್ಷೆ ಎದ್ದು ಕೊನೆಯ ಬೆಂಚಿನ ಹುಡುಗಿಯ ಹತ್ತಿರ ಬಂದರು. "ಮಗೂ, ನಾನೂ ಒಂದು ಹನಿ ಹಾಕ್ಬಹುದಾ?"

"ಹಾಕಿ ಅಜ್ಜಿ. ಆದ್ರೆ ಮೊದ್ಲು ಕನ್ನಡಕ!"

ಇಡೀ ಅಂಗಳ ನಕ್ಕಿತು. ನೇರಳೆ ನೀರು ಗುಲಾಬಿಯಾದಾಗ ಆ ಹಿರಿಯ ಹೆಂಗಸು ಚಪ್ಪಾಳೆ ತಟ್ಟಿದರು.

"ಪರದೆ ಬೇರೆ ಕೋಣೆಗೆ ಹೋಗ್ಲಿ ಹೆಡ್‌ಮಾಸ್ಟರೇ. ಈ ಟೀಚರ್ ಎಲ್ಲಿಗೂ ಹೋಗೋದು ಬೇಡ."

ಮಕ್ಕಳ ಕೇಕೆ ಮುಗಿಲಿಗೆ ಮುಟ್ಟಿತು. ಅವಳು ಅವನಿಗಾಗಿ ಸುತ್ತಲೂ ನೋಡಿದಳು. ಅವನು ಅಲ್ಲಿರಲಿಲ್ಲ.

*

ಅವಳು ದಡದಡ ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಬಂದಳು.

ಪ್ರಯೋಗಾಲಯದ ಎರಡನೇ ಬಾಗಿಲು ತೆರೆದು, ಬೆಳಕು ನೆಲದುದ್ದಕ್ಕೂ ಚೆಲ್ಲಿತ್ತು. ತೊಳೆದ ಪ್ರನಾಳಗಳು ಸಾಲಾಗಿ ನಿಂತಿದ್ದವು. ಮೇಲೆ ಹೊಸ ಫ್ಯಾನು. ಅವನು ಕಿಟಕಿಯ ಹತ್ತಿರ ನಿಂತಿದ್ದ.

"ಯಾಕೆ ಹೇಳಲಿಲ್ಲ ನೀವು?"

"ಎರಡು ಸಲ ಶುರು ಮಾಡಿದೆ. ಎರಡು ಸಲವೂ ನೀವು ಮೆಟ್ಟಿಲು ಇಳಿದಾಗಿತ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಇನ್ನೊಂದು ವಿಷ್ಯ... ಆವತ್ತು ಸ್ಪಿರಿಟ್ ಬಾಟಲಿ ತೆರೆದಿತ್ತು. ತಪ್ಪು ನಂದೇ." ಒಪ್ಪಿಕೊಳ್ಳದ ಹೆಣ್ಣು ಕೊನೆಗೂ ಒಪ್ಪಿಕೊಂಡಳು.

"ಗೊತ್ತು."

"ಹೆಡ್‌ಮಾಸ್ಟರಿಗೆ ಅದನ್ನ ಬರೆದಿರ್ಲಿಲ್ವಾ?"

"ಬರೆದಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಬಾಟಲಿ ಮುಚ್ಚೋಕೆ ಒಬ್ಬರು ಪಕ್ಕದಲ್ಲಿದ್ರೆ ಸಾಕಲ್ವಾ ಅನ್ನಿಸ್ತು."

ಅವನು ಜೇಬಿನಿಂದ ಏನನ್ನೋ ತೆಗೆದು ಅವಳ ಅಂಗೈಯಲ್ಲಿಟ್ಟ. ಅದೇ ಹಳೆಯ ಕೀಲಿಕೈ. ಆದರೆ ಕಪ್ಪು ಕಬ್ಬಿಣದ ಮೇಲೆ ಈಗ ಕೆಂಪು ಹೊಂಬಣ್ಣದ ತಾಮ್ರ ಮಿನುಗುತ್ತಿತ್ತು! ಅಲ್ಲಲ್ಲಿ ಒರಟು, ಅಲ್ಲಲ್ಲಿ ತೆಳು. ಕಲಿಯುವ ಮಕ್ಕಳ ಕೈಗೆಲಸದ ಹಾಗೆ.

"ನೀವು... ನಿಮ್ಮ ಕೈಯಾರೆ?"

"ಮೈಲುತುತ್ತದಲ್ಲಿ ಅದ್ದಿದೆ. ಮೊದಲು ಉಪ್ಪುಕಾಗದದಲ್ಲಿ ಉಜ್ಜಿದೆ. ನನ್ನ ಜೀವನದ ಮೊದಲನೇ ಪ್ರಯೋಗ. ನೀವು ಮಕ್ಕಳಿಗೆ ಹೇಳ್ತಿದ್ದಿದ್ದನ್ನ ಕಿಟಕಿಯಲ್ಲಿ ನಿಂತು ಕೇಳಿಸ್ಕೊಂಡಿದ್ದೆ. ಕಬ್ಬಿಣ ತನ್ನ ಮೈಯಿಂದ ಒಂದಿಷ್ಟು ಬಿಟ್ಟುಕೊಡ್ಬೇಕು, ಆಗ್ಲೇ ತಾಮ್ರ ಬಂದು ಕೂರೋದು ಅಂತ."

"ಹೂಂ..."

"ನಾನು ನನ್ನ ಭಯ ಬಿಟ್ಟುಕೊಟ್ಟೆ." ಅವನು ಅವಳ ಕಣ್ಣನ್ನೇ ನೋಡಿದ. "ನೀವಂದ್ರೆ ನನಗೆ ತುಂಬಾ ಇಷ್ಟ. ಆ ಪುಡಿ ಮುಖದಲ್ಲಿ ಬೈದ್ರಲ್ಲ, ಆವತ್ತಿಂದ."

ಅವಳು ಕೀಲಿಕೈಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಳು. ಕಣ್ಣೀರು ತಾನಾಗೇ ಇಳಿಯಿತು.

"ನಾನು ಬದಲಾಗಲ್ಲ, ಈಗ್ಲೇ ಹೇಳಿಬಿಡ್ತೀನಿ. ಕೋಪ ಹೀಗೇ ಉಕ್ಕತ್ತೆ. ಹಟ ಬಿಡಲ್ಲ. ಯಾರು ಬೇಡ ಅಂದ್ರೂ ಮಕ್ಕಳ ಕೈಯಲ್ಲಿ ಬೆಂಕಿ ಹಿಡಿಸ್ತೀನಿ."

"ಬದಲಾಗಿ ಅಂತ ಯಾರು ಕೇಳಿದ್ರು?"

"ಹಾಗಾದ್ರೆ ನನಗೂ ಇಷ್ಟ!" ಜಗಳಕ್ಕೆ ನಿಂತವಳ ಹಾಗೆಯೇ ಅಂದಳು.

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ನಗುತ್ತಲೇ ಜೇಬಿನಿಂದ ಮಡಚಿದ ಬಿಳಿ ಕರವಸ್ತ್ರ ತೆಗೆದು ಚಾಚಿದ.

"ಕಣ್ಣೊರೆಸ್ಕೊಳ್ಳೋಕಾ?"

"ಅಲ್ಲ. ಆವತ್ತು ಪೂರ್ತಿ ನೋಡೋಕಾಗ್ಲಿಲ್ಲ. ಸುಡಿ."

ಅವಳು ಕಣ್ಣಿಗೆ ಕನ್ನಡಕ ಏರಿಸಿದಳು. ಅರ್ಧ ನೀರು, ಅರ್ಧ ಸ್ಪಿರಿಟ್ ಬೆರೆಸಿದಳು. ಬಾಟಲಿಯ ಮುಚ್ಚಳ ಬಿಗಿದು ದೂರವಿಟ್ಟು, ಸರಿಯೇ ಎಂಬಂತೆ ಅವನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಇಕ್ಕಳದ ತುದಿಯಲ್ಲಿ ಕರವಸ್ತ್ರ ನೀಲಿಯಾಗಿ ಹೊತ್ತಿಕೊಂಡಿತು.

ಅವನ ಕೈ ಅಭ್ಯಾಸಬಲದಿಂದ ಕೆಂಪು ಸಿಲಿಂಡರಿನ ಕಡೆ ಹೋಯಿತು.

"ಹುಷಾರು" ಎಂದಳು ಅವಳು, ಮೆಲ್ಲಗೆ. "ಈ ಸಲ ಆರಿಸಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ."

"ಆರಿಸಲ್ಲ" ಎಂದು ಅವನು ಆ ಕೈಯಿಂದ ಅವಳ ಇನ್ನೊಂದು ಕೈ ಹಿಡಿದುಕೊಂಡ.